ಕತ್ತಲೆ ರೂಮಲ್ಲಿ ನನ್ನ ಪಾದ ಕಂಡ ರಾತ್ರಿ

ಆರನೇ ವಾರಕ್ಕೆ ತೂಕ ಹಾಕಿದ್ರೆ ಹಿಂದಿನ ರ‍್ಯಾಕಿನ ಹ್ಯಾಮ್‌ಸ್ಟರ್‌ಗಳು ಇಳಿದಿದಾವೆ, ಬಾಗಿಲ ಪಕ್ಕದ ರ‍್ಯಾಕಿನವು ಒಂದು ಗ್ರಾಮೂ ಇಳಿದಿಲ್ಲ, ಗುಂಡುಗುಂಡಾಗಿ ಅಂಗೈಲಿ ಕೂತು ಮೀಸೆ ತೀಡ್ತಿವೆ.

ಜರ್ಮನಿಯ ಒಂದು ಲ್ಯಾಬಲ್ಲಿ ಪಿಎಚ್‌ಡಿ ಮಾಡ್ತಿದ್ದಾಗಿನ ಕಥೆ ಇದು. ಅಮ್ಮ ಫೋನಲ್ಲಿ "ಇಲಿ ಸಾಕೋಕೆ ಅಷ್ಟು ದೂರ ಹೋಗ್ಬೇಕಿತ್ತಾ" ಅಂತಿದ್ರು. ಎರಡು ರೂಮು, ಒಂದ್ರಲ್ಲಿ 16 ಗಂಟೆ ಬೆಳಕು 8 ಗಂಟೆ ಕತ್ತಲೆ, ಇನ್ನೊಂದ್ರಲ್ಲಿ ಉಲ್ಟಾ, ಉಳಿದಂಗೆ ಕಾಳು, ನೀರು, ರೂಮಿನ ಬಿಸಿ ಎಲ್ಲಾ ಒಂದೇ. ಆ ಎರಡು ರ‍್ಯಾಕೂ ಇದ್ದಿದ್ದು ಉದ್ದ ರಾತ್ರಿಯ ರೂಮಲ್ಲಿ. ಟೈಮರ್ ತಿರುಗಿಸಿದ್ದಷ್ಟೇ ನಾನು ಮಾಡಿದ್ದು, ಅದಕ್ಕೇ ಗಂಡು ಸೈಬೀರಿಯನ್ ಹ್ಯಾಮ್‌ಸ್ಟರ್‌ಗೆ ಚಳಿಗಾಲ ಬಂದುಬಿಡುತ್ತೆ: ಎಂಟ್ಹತ್ತು ವಾರದಲ್ಲಿ ವೃಷಣ ಕುಗ್ಗಿ ಹತ್ತರಲ್ಲೊಂದು ಪಾಲಾಗುತ್ತೆ, ತೂಕ ಇಳಿಯುತ್ತೆ, ಆಮೇಲೆ ಬೂದು ರೋಮ ಬೆಳ್ಳಗಾಗುತ್ತೆ. ಹೆಣ್ಣುಗಳೂ ಬೆದೆಗೆ ಬರೋದು ನಿಲ್ಲಿಸ್ತವೆ.

ಉದ್ದ ರಾತ್ರಿಗೆ ಸ್ಪಂದಿಸದೇ ಇರೋ ಪ್ರಾಣಿಗಳೂ ಒಂದಷ್ಟು ಇರ್ತಾವೆ, ಅದು ಹುಟ್ಟುಗುಣ, ಹಾಗಾಗಿ ಮೊದಲು ಅದೇ ಇರ್ಬೇಕು ಅಂದ್ಕೊಂಡೆ. ಆದ್ರೆ ಅಂಥವೆಲ್ಲಾ ಮಾತಾಡ್ಕೊಂಡು ಒಂದೇ ರ‍್ಯಾಕಿಗೆ ಬರ್ತಾವಾ?

ಒಂದು ರಾತ್ರಿ ಆ ರೂಮೊಳಗೆ ಹೋಗಿ ಬಾಗಿಲು ಹಾಕ್ಕೊಂಡು ನೆಲದ ಮೇಲೆ ಕೂತೆ. ಮೊದಲು ಏನೂ ಕಾಣ್ಲಿಲ್ಲ. ಎರಡು ಗಂಟೆ ಸುಮಾರಿಗೆ ಸೆಕ್ಯುರಿಟಿಯವ್ರು ರೌಂಡ್ಸ್ ಬಂದ್ರು, ಕಾರಿಡಾರ್ ಲೈಟ್ ತಾನೇ ಹತ್ಕೊಳ್ತು, ಬಾಗಿಲ ಕೆಳಗಿನ ಸಂದಿಯಿಂದ ಬಂದ ಬೆಳಕಲ್ಲಿ ನನ್ನ ಪಾದ ಎರಡೂ ಕಂಡ್ವು. ಎರಡ್ಮೂರು ನಿಮಿಷ ಅಷ್ಟೇ, ಆದ್ರೆ ದಿನಾ ರಾತ್ರಿ.

ಹ್ಯಾಮ್‌ಸ್ಟರ್ ಲೆಕ್ಕ ಹಾಕೋದು ಹಗಲನ್ನಲ್ಲ, ರಾತ್ರೀನ. ಕತ್ತಲಾದ್ರೆ ಮೆದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಅನ್ನೋ ಹಾರ್ಮೋನು ಬರುತ್ತೆ, ಅದು ಎಷ್ಟು ಹೊತ್ತು ಬಂತು ಅನ್ನೋದ್ರ ಮೇಲೇ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಹತ್ರ ಥೈರಾಯ್ಡ್ ಹಾರ್ಮೋನಿನ ಏರಿಳಿತ, ಅಲ್ಲಿಂದ ಸಂತಾನದ ಹಾರ್ಮೋನು. ನಡುರಾತ್ರಿ ಒಂದು ಕ್ಷಣ ಬೆಳಕು ಬಿದ್ರೂ ಮೆಲಟೋನಿನ್ ಕಟ್ಟಾಗುತ್ತೆ, ಉದ್ದ ರಾತ್ರಿ ಗಿಡ್ಡ ಅನ್ನಿಸಿಬಿಡುತ್ತೆ, ಪ್ರಾಣಿ ಪಾಲಿಗೆ ಅದು ಜೂನ್ ತಿಂಗಳು. ನಮ್ಮ ಬೆಂಗಳೂರಲ್ಲಿ ವರ್ಷವಿಡೀ ಹಗಲು ಏರಿಳಿಯೋದೇ ಸುಮಾರು ಒಂದೂವರೆ ಗಂಟೆ. ಸೈಬೀರಿಯಾದಲ್ಲಿ ಹಾಗಲ್ಲ, ಬೇಸಿಗೆಗೂ ಚಳಿಗೂ ಹತ್ತು ಗಂಟೆ ವ್ಯತ್ಯಾಸ, ತಪ್ಪಿ ಡಿಸೆಂಬರಲ್ಲಿ ಮರಿ ಹಾಕಿದ್ರೆ ಮರಿ ಉಳಿಯೋದು ಕಷ್ಟ.

ಬಾಗಿಲಿಗೆ ರಬ್ಬರ್ ಪಟ್ಟಿ, ಒಳಗಡೆ ಕಪ್ಪು ಪರದೆ, ಥರ್ಮಾಮೀಟರಿನ ಹಸಿರು ಎಲ್‌ಇಡಿ ಮೇಲೂ ಕಪ್ಪು ಟೇಪು ಹಾಕಿ ಹೊಸ ಬ್ಯಾಚಿಂದ ಮತ್ತೆ ಶುರು ಮಾಡಿದೆ. ಕತ್ತಲಲ್ಲಿ ಕೆಲಸಕ್ಕೆ ಮಂದ ಕೆಂಪು ಲೈಟು ಮಾತ್ರ. ಎರಡು ವಾರಕ್ಕೊಮ್ಮೆ ಅರಿವಳಿಕೆ ಕೊಟ್ಟು ಕ್ಯಾಲಿಪರಲ್ಲಿ ವೃಷಣದ ಉದ್ದ ಅಗಲ ಅಳೆಯೋದು, ಉದ್ದವನ್ನ ಅಗಲದ ವರ್ಗದಿಂದ ಗುಣಿಸೋದು, ಅದು ಅಂದಾಜು ಗಾತ್ರ. ಹತ್ತನೇ ವಾರಕ್ಕೆ ಕ್ಯಾಲಿಪರಿಗೆ ಸಿಗೋದೇ ಕಷ್ಟ ಆಗೋಷ್ಟು ಸಣ್ಣ ಆಗಿತ್ತು, ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರ್ಲಿಲ್ಲ.

ಐದೂವರೆ ತಿಂಗಳಿಗೆ ಬಿಳಿ ರೋಮದ ನಡುವೆ ಬೂದು ಬಣ್ಣ ಇಣುಕ್ತು, ವೃಷಣ ಮತ್ತೆ ದೊಡ್ಡದಾಗ್ತಿದೆ. ಹೋಯ್ತಲ್ಲಪ್ಪ ಮತ್ತೆ ಬೆಳಕು ಸೋರ್ತಿದೆ ಅಂತ ಇಡೀ ರಾತ್ರಿ ಅದೇ ನೆಲದ ಮೇಲೆ ಮಲ್ಕೊಂಡು ನೋಡಿದೆ, ಚೂರೂ ಬೆಳಕಿಲ್ಲ. ಬೆಳಿಗ್ಗೆ ಗೈಡ್ ಹತ್ರ ಹೋಗಿ ಹೇಳಿದ್ರೆ ಅವ್ರು ನಕ್ಕರು. ಅಷ್ಟು ತಿಂಗಳಾದ ಮೇಲೆ ಪ್ರಾಣಿ ಉದ್ದ ರಾತ್ರಿಗೆ ಬಗ್ಗೋದು ತಾನಾಗೇ ಬಿಡುತ್ತಂತೆ, ವಸಂತಕ್ಕೆ ಮುಂಚೇನೇ ರೆಡಿ ಆಗೋಕೆ. ಟೈಮರ್ ಇನ್ನೂ ಎಂಟು ಗಂಟೆ ಬೆಳಕೇ ತೋರಿಸ್ತಿತ್ತು.