ಮೂಳೆ ಕೂಡಿದ ಮೇಲೂ ಉಳಿಯುವ ಕೆಲಸ: ನನ್ನ ಅನುಭವ

ಸೊಂಟದ ಮುರಿತಕ್ಕೆ ರಾಡು ಅಥವಾ ಸ್ಕ್ರೂ ಹಾಕಿ, ರೋಗಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆದರೆ ನನ್ನ ಕೆಲಸ ಮುಗಿಯಿತೆಂದೇ ಮೂಳೆ ಶಸ್ತ್ರಚಿಕಿತ್ಸಕನಾದ ನಾನು ಹಲವು ವರ್ಷ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದ್ದು ಒಂದು ಎಕ್ಸ್‌ರೇ. ಎಡ ಸೊಂಟ ಮುರಿದುಕೊಂಡು ಬಂದಿದ್ದ ವೃದ್ಧೆಯ ಬಲ ಸೊಂಟದಲ್ಲಿ ಹಿಂದೆ ನಾನೇ ಹಾಕಿದ್ದ ಸ್ಕ್ರೂಗಳು ಕಾಣುತ್ತಿದ್ದವು. ಅದಕ್ಕೂ ಮೊದಲು ಮಣಿಕಟ್ಟು ಮುರಿದಿತ್ತೆಂದು ಮಗಳು ಹೇಳಿದಳು. ಹಳೆಯ ಡಿಸ್ಚಾರ್ಜ್ ಪತ್ರ ತೆಗೆಸಿ ನೋಡಿದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ) ಎಂಬ ಪದವೇ ಅದರಲ್ಲಿರಲಿಲ್ಲ. ಕೆಳಗಿದ್ದ ಸಹಿ ನನ್ನದೇ.

ಒಮ್ಮೆ ಮುರಿದವರಲ್ಲಿ ಇನ್ನೊಂದು ಮುರಿತದ ಅಪಾಯ ಸುಮಾರು ಇಮ್ಮಡಿಯಾಗುತ್ತದೆ, ಮೊದಲ ಎರಡು ವರ್ಷಗಳಲ್ಲಿ ಅದು ಇನ್ನೂ ತೀವ್ರ ಎಂಬುದು ನಮಗಾರಿಗೂ ಹೊಸ ವಿಷಯವಾಗಿರಲಿಲ್ಲ. ಆದರೆ ಮೂಳೆಯ ಬಲವನ್ನು ಫಿಸಿಷಿಯನ್ ನೋಡಿಕೊಳ್ಳುತ್ತಾರೆಂದು ನಾವು, ಮುರಿತ ಮೂಳೆತಜ್ಞರದೆಂದು ಅವರು, ತಪ್ಪೆಲ್ಲ ಒದ್ದೆ ನೆಲದ್ದೆಂದು ರೋಗಿಯ ಮನೆಯವರು ಭಾವಿಸಿದ್ದರಿಂದ ಈ ಕೆಲಸಕ್ಕೆ ವಾರಸುದಾರರೇ ಇರಲಿಲ್ಲ. ಆದ್ದರಿಂದ ನಾವು ಮೊದಲು ಮಾಡಿದ್ದು ಹೊಸ ಔಷಧ ತರಿಸುವುದನ್ನಲ್ಲ, ಒಬ್ಬ ಅನುಭವಿ ನರ್ಸ್‌ಗೆ ಈ ಹೊಣೆಯನ್ನು ಹೆಸರು ಹಿಡಿದು ವಹಿಸುವುದನ್ನು. 50 ದಾಟಿದವರು ನಿಂತ ಎತ್ತರದಿಂದಲೋ ಅದಕ್ಕಿಂತ ಕೆಳಗಿನಿಂದಲೋ ಬಿದ್ದು ಮೂಳೆ ಮುರಿದುಕೊಂಡು ಬಂದರೆ, ಅಂದೇ ಅವರ ಹೆಸರು ಆಕೆಯ ಪುಸ್ತಕ ಸೇರಬೇಕೆಂದಾಯಿತು.

ಬೆನ್ನುಮೂಳೆಯ ಮುರಿತಗಳು ಮಾತ್ರ ಆ ಪುಸ್ತಕಕ್ಕೂ ಸಿಗುತ್ತಿರಲಿಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಕುಸಿಯುತ್ತವೆ. ಬೇರೆ ಕಾರಣಕ್ಕೆ ತೆಗೆದ ಎದೆಯ ಚಿತ್ರದಲ್ಲಿ ಕುಸಿದ ಕಶೇರು (ಬೆನ್ನುಸಾಲಿನ ಒಂದು ಎಲುಬು) ಕಂಡರೆ 'ವಯೋಸಹಜ ಬದಲಾವಣೆ' ಎನ್ನದೆ 'ಮುರಿತ' ಎಂದೇ ಬರೆಯುವಂತೆ ರೇಡಿಯಾಲಜಿಯವರನ್ನು ಒಪ್ಪಿಸಲು ನಾಲ್ಕಾರು ಸಭೆಗಳೇ ಬೇಕಾದವು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ ಕಾಯುವುದೂ ನಮ್ಮ ಒಂದು ದೌರ್ಬಲ್ಯವಾಗಿತ್ತು. ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಕಾಯಿಲೆಯ ಗಡಿಯಾದ −2.5ಕ್ಕೆ ಇಳಿದಿಲ್ಲವೆಂದು ಚಿಕಿತ್ಸೆ ಬಿಟ್ಟ ಉದಾಹರಣೆಗಳಿದ್ದವು. ಸಣ್ಣ ಬೀಳುವಿಕೆಗೆ ಸೊಂಟವೇ ಮುರಿದಿರುವಾಗ ಚಿಕಿತ್ಸೆ ಆರಂಭಿಸಲು ಬೇರೆ ಪುರಾವೆ ಬೇಕಿಲ್ಲ. ಬದಲಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಥೈರಾಯ್ಡ್ ಪರೀಕ್ಷೆಗಳನ್ನು ವಾರ್ಡಿನಲ್ಲೇ ಮಾಡಿಸಿ, ಅನುಮಾನವಿದ್ದಲ್ಲಿ ಮೂಳೆಯನ್ನು ಕರಗಿಸುವ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆಯನ್ನೂ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರನ್ನೂ ಹುಡುಕತೊಡಗಿದೆವು.

ಸೊಂಟ ಮುರಿದವರಲ್ಲಿ ಹೆಚ್ಚಿನವರಿಗೆ ನಾವು ಆರಿಸಿಕೊಂಡದ್ದು ಮೂಳೆ ಕರಗುವುದನ್ನು ತಡೆಯಲು ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ 5 ಮಿಲಿಗ್ರಾಂ ಜೊಲೆಡ್ರೋನಿಕ್ ಆ್ಯಸಿಡ್. ಸೊಂಟದ ಶಸ್ತ್ರಚಿಕಿತ್ಸೆಯಾದ 90 ದಿನಗಳೊಳಗೆ ಇದನ್ನು ಕೊಟ್ಟಾಗ ಹೊಸ ಮುರಿತಗಳೂ ಸಾವುಗಳೂ ಕಡಿಮೆಯಾದದ್ದನ್ನು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ವಿಟಮಿನ್ ಡಿ ಕೊರತೆಯನ್ನು ಮೊದಲು ಸರಿಪಡಿಸಿ, ಸುಮಾರು ಎರಡು ವಾರಕ್ಕೆ ಹೊಲಿಗೆ ಬಿಚ್ಚಿಸಲು ಬಂದ ದಿನವೇ ಕೊಡುತ್ತೇವೆ. ಮೂತ್ರಪಿಂಡದ ಸೋಸುವ ಶಕ್ತಿಯನ್ನು ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 35 ಮಿ.ಲೀ.ಗಿಂತ ಕೆಳಗಿದ್ದರೆ ಕೊಡುವುದಿಲ್ಲ. ಮೊದಲ ಮೂರು ದಿನ ಜ್ವರ, ಮೈಕೈ ನೋವು ಬರಬಹುದೆಂದು ಮುಂಚೆಯೇ ಹೇಳದಿದ್ದರೆ ಎರಡನೆಯ ಡೋಸಿಗೆ ಅವರು ಬರುವುದಿಲ್ಲವೆಂಬುದನ್ನು ಕಷ್ಟಪಟ್ಟೇ ಕಲಿತೆವು. ಅದೇ ಕೆಲಸ ಮಾಡುವ, ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಮಾತ್ರೆ ಅಗ್ಗವೇನೋ ಹೌದು. ಆದರೆ ಬರಿ ಹೊಟ್ಟೆಯಲ್ಲಿ ಲೋಟದ ತುಂಬ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕಾದ ಆ ಶಿಸ್ತು ಕೆಲವೇ ತಿಂಗಳಲ್ಲಿ ಸಡಿಲಾಗುವುದನ್ನು ಕಂಡಿದ್ದೇನೆ.

ನನ್ನನ್ನು ಇಂದಿಗೂ ಚುಚ್ಚುವ ತಪ್ಪು ಡೆನೊಸುಮ್ಯಾಬ್‌ನದು. ಆರು ತಿಂಗಳಿಗೊಮ್ಮೆ ಕೊಡುವ ಈ ಚುಚ್ಚುಮದ್ದನ್ನು ಬೇರೆ ಔಷಧದ ಆಸರೆಯಿಲ್ಲದೆ ನಿಲ್ಲಿಸಿದರೆ ಮೂಳೆ ವೇಗವಾಗಿ ಕರಗುತ್ತದೆ. ಮುಂದಿನ ಡೋಸಿನ ದಿನಾಂಕವನ್ನು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದ್ದ ಒಬ್ಬ ರೋಗಿ ಒಂದು ವರ್ಷದ ನಂತರ ಮೂರು ಕಶೇರುಗಳು ಕುಸಿದ ಸ್ಥಿತಿಯಲ್ಲಿ ಮರಳಿದರು. ಅಂದಿನಿಂದ ದಿನಾಂಕವನ್ನು ನೆನಪಿಡುವ ಹೊಣೆ ರೋಗಿಯದಲ್ಲ, ನಮ್ಮ ಪುಸ್ತಕದ್ದು. ಎರಡು ವಾರ ಮೊದಲೇ ನರ್ಸ್ ಫೋನ್ ಮಾಡುತ್ತಾರೆ.

ಮಾತಿನ ತೊಡಕೂ ಇತ್ತು. ಕೀಲುನೋವಿಗೂ ಆಸ್ಟಿಯೊಪೊರೋಸಿಸ್‌ಗೂ 'ಮೂಳೆ ಸವೆದಿದೆ' ಎಂದು ನಾವೇ ಹೇಳುತ್ತಿದ್ದುದರಿಂದ ನೋವು ನಿಂತೊಡನೆ ಕಾಯಿಲೆ ವಾಸಿಯಾಯಿತೆಂದು ಜನ ತಿಳಿಯುತ್ತಿದ್ದರು. ಈಗ 'ಮೂಳೆ ಒಳಗಿನಿಂದ ಟೊಳ್ಳಾಗಿದೆ' ಎನ್ನುತ್ತೇನೆ. ಹಾಗಿದ್ದೂ ಎರಡನೆಯ ವರ್ಷದ ಫೋನ್ ಕರೆಗೆ 'ಚೆನ್ನಾಗಿ ಓಡಾಡುತ್ತಿದ್ದಾರಲ್ಲ, ಇನ್ನೇಕೆ ಇಂಜೆಕ್ಷನ್?' ಎಂಬ ಉತ್ತರವೇ ಹೆಚ್ಚು ಬರುತ್ತದೆ, ಮತ್ತು ಆ ಕರೆಗಳಲ್ಲಿ ಕೆಲವನ್ನು ಈಗ ನಾನೇ ಮಾಡುತ್ತೇನೆ.