ಸೀತಾ ಅಶೋಕದ ಹಳೇ ಶೀಟ್‌ಗಳನ್ನು ನಾನು ಪಟ್ಟಿ ಮಾಡಿದ ಬಗೆ

ಕರ್ನಾಟಕದ ಕಾಡುಗಳಲ್ಲಿ ಅಶೋಕ ಮರವನ್ನು ಹಿಂದೆ ಯಾರ್ಯಾರು ಎಲ್ಲೆಲ್ಲಿ ಕಂಡಿದ್ದರು ಅಂತ ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ದಾಖಲೆಗಳಿಂದ ಪಟ್ಟಿ ಮಾಡಬೇಕಿತ್ತು. ಮರದ ಈಗಿನ ವೈಜ್ಞಾನಿಕ ಹೆಸರು ಸರಾಕಾ ಅಸೋಕಾ. ಹಳೇ ಶೀಟ್‌ಗಳಲ್ಲಿ (ಒಣಗಿಸಿದ ಕೊಂಬೆ ಅಂಟಿಸಿ ಲೇಬಲ್ ಹಾಕಿದ ಹಾಳೆಗಳು) ಜಾಸ್ತಿ ಇರುವುದು ಸರಾಕಾ ಇಂಡಿಕಾ, ಇನ್ನೂ ಹಿಂದಕ್ಕೆ ಹೋದರೆ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇಟ್ಟ ಜೋನೇಸಿಯಾ ಅಸೋಕಾ. ಆದರೆ ಇಂಡಿಕಾ ಅನ್ನುವುದು ನಿಜಕ್ಕೂ ಆಗ್ನೇಯ ಏಷ್ಯಾದ ಬೇರೆಯೇ ಮರ. ಹಾಗಾಗಿ ಮೂರೂ ಹೆಸರಲ್ಲಿ ಎಲ್ಲವನ್ನೂ ಇಳಿಸಿಕೊಂಡು, ಆಮೇಲೆ ಊರು ನೋಡಿ ವಿಂಗಡಿಸಿದೆ.

ಊರಿನದ್ದೇ ದೊಡ್ಡ ತಲೆನೋವು. 1956ರ ನವೆಂಬರ್‌ಗೆ ಮುಂಚೆ ಉತ್ತರ ಕನ್ನಡ ಬೊಂಬಾಯಿಗೆ ಸೇರಿತ್ತು, ದಕ್ಷಿಣ ಕನ್ನಡ ಮದ್ರಾಸಿಗೆ, ಕೊಡಗು ಬೇರೆಯೇ ಇತ್ತು, ಇನ್ನು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದೇ 1973ರಲ್ಲಿ ಅಲ್ವಾ. ಆನ್‌ಲೈನ್ ದಾಖಲೆಗಳಿಗೆ ಸುಮ್ನೆ ‘ಕರ್ನಾಟಕ’ ಅಂತ ಫಿಲ್ಟರ್ ಹಾಕಿದರೆ ಲೇಬಲ್‌ನಲ್ಲಿ ‘ನಾರ್ತ್ ಕಾನರಾ, ಬಾಂಬೆ’ ಅಂತಿರುವುದು ಕಾಣುವುದೇ ಇಲ್ಲ. ಕಾನರಾ, ಕೆನರಾ, ಕೂರ್ಗ್, ಮೈಸೂರು ಎಲ್ಲದರಲ್ಲೂ ಹುಡುಕಿದೆ. ಶೀಟ್‌ಗಳೂ ಅದೇ ಗಡಿಯಂತೆ ಹಂಚಿಹೋಗಿರುತ್ತವೆ. ಉತ್ತರ ಕನ್ನಡದ್ದಕ್ಕೆ ಮುಂಬೈಯ ಬ್ಲಾಟರ್ ಹರ್ಬೇರಿಯಂ, ದಕ್ಷಿಣ ಕನ್ನಡದ್ದಕ್ಕೆ ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂ ಮೊದಲು ನೋಡುವುದು ಒಳ್ಳೆಯದು.

ಹಳೇ ಲೇಬಲ್‌ನಲ್ಲಿ ಅಕ್ಷಾಂಶ, ರೇಖಾಂಶ ಸಾಮಾನ್ಯವಾಗಿ ಇರಲ್ಲ. ದಾಖಲೆಯಲ್ಲಿ ಕಾಣುವ ಅಂಕಿ ಯಾರೋ ಆಮೇಲೆ ಸೇರಿಸಿದ್ದು, ಕೆಲವು ಸಲ ಜಿಲ್ಲೆಯ ನಟ್ಟನಡುವಿನ ಬಿಂದು. ಲೇಬಲ್‌ನಲ್ಲಿ ಬರೀ ಒಂದು ಘಾಟಿಯ ಹೆಸರಿದ್ದರೆ ನಾನು ಘಾಟಿಯ ಮಧ್ಯಕ್ಕೆ ಗುರುತು ಹಾಕಿ, ಎಷ್ಟು ಕಿಲೋಮೀಟರ್ ಆಚೀಚೆ ಇರಬಹುದು ಅಂತ ಪಕ್ಕದ ಕಾಲಂನಲ್ಲಿ ಬರೆದೆ. ಎತ್ತರವನ್ನೂ ಶೀಟ್‌ನ ಫೋಟೋದಲ್ಲೇ ಓದಿದೆ. ಆಗಿನವರು ಬರೆಯುತ್ತಿದ್ದುದು ಅಡಿಗಳಲ್ಲಿ. 2000 ಅಡಿ ಟೈಪ್ ಮಾಡುವಾಗ 2000 ಮೀಟರ್ ಆದರೆ ಮರ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿರಬೇಕಾಗುತ್ತದೆ!

ಒಂದೇ ಮರದ ಕೊಂಬೆಗಳು ಎರಡು ಮೂರು ಸಂಸ್ಥೆಗಳಿಗೆ ಹೋಗಿರುತ್ತವೆ. ಸಂಗ್ರಹಿಸಿದವರು, ಅವರ ನಂಬರ್, ತಾರೀಕು ಮೂರೂ ಒಂದೇ ಆಗಿದ್ದರೆ ಒಂದೇ ದಾಖಲೆ ಅಂತ ಎಣಿಸಿದೆ. ತೋಟ, ದೇವಸ್ಥಾನದ ಅಂಗಳದ ಮರಗಳನ್ನು ಬೇರೆ ಇಟ್ಟೆ. ಅಶೋಕವನ್ನು ಜನ ಪ್ರೀತಿಯಿಂದ ನೆಡುತ್ತಾರೆ, ಅವನ್ನು ಸೇರಿಸಿದರೆ ಬಯಲುಸೀಮೆಯೂ ಅದರ ಕಾಡು ಅನ್ನಿಸಿಬಿಡುತ್ತದೆ.

ತಪ್ಪು ಕಂಡಲ್ಲಿ ಶೀಟ್‌ನ ಬಾರ್‌ಕೋಡ್ ನಂಬರ್ ಹಾಕಿ ಆಯಾ ಹರ್ಬೇರಿಯಂಗೆ ಇಮೇಲ್ ಮಾಡಿ. ಫೋಟೋದಲ್ಲಿ ಆ ಸಾಲಷ್ಟನ್ನೇ ಕತ್ತರಿಸಿ ಜೊತೆಗೆ ಕಳಿಸಿದರೆ ಅವರಿಗೂ ಹುಡುಕುವ ಕೆಲಸ ತಪ್ಪುತ್ತದೆ.