ಅಡ್ಡ ಪರಿಣಾಮಕ್ಕೂ ಒಂದು ಹೊತ್ತಿರುತ್ತದೆ: ಎಡಿಎಚ್‌ಡಿ ಮಾತ್ರೆಯನ್ನು ನಾವು ತೂಗಿ ನೋಡಿದ ಬಗೆ

ಮಗನ ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ, ಮಿಥೈಲ್‌ಫೆನಿಡೇಟ್ ಮಾತ್ರೆ ಶುರು ಮಾಡುವ ಮೊದಲು, ಮಾತ್ರೆ ಇಲ್ಲದ ಏಳು ದಿನ ಬರೆದಿಟ್ಟ ಪುಟಗಳೇ ಆಮೇಲೆ ನಮಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದವು. ಮಗನಿಗೆ ಆಗ ಎಂಟು ವರ್ಷ, ತೂಕ 24 ಕೆ.ಜಿ. ಆ ವಾರದಲ್ಲೇ ಎರಡು ದಿನ ತಲೆನೋವು, ಮೂರು ದಿನ ಅರ್ಧ ಡಬ್ಬಿ ಊಟ ವಾಪಸ್, ನಾಲ್ಕು ರಾತ್ರಿ ನಿದ್ದೆ ಹತ್ತುವಾಗ ಹತ್ತೂವರೆ ದಾಟಿತ್ತು. ಬರೆದಿಡದೇ ಹೋಗಿದ್ದರೆ ಮುಂದಿನ ವಾರ ಇದಿಷ್ಟನ್ನೂ ಮಾತ್ರೆಯ ತಲೆಗೆ ಕಟ್ಟುತ್ತಿದ್ದೆವು.

ಬರೆದದ್ದು ಮಾಮೂಲಿ ಗೆರೆ ನೋಟ್‌ಬುಕ್ಕಿನಲ್ಲಿ, ದಿನಕ್ಕೆ ಒಂದೇ ಸಾಲು. ಮಾತ್ರೆ ಕೊಟ್ಟ ಹೊತ್ತು, ತಿಂಡಿ ಎಷ್ಟು ತಿಂದ, ಡಬ್ಬಿಯಲ್ಲಿ ಎಷ್ಟು ಉಳಿಯಿತು, ತಲೆನೋವು, ಹೊಟ್ಟೆನೋವು, ಸಂಜೆ ಹೇಗಿದ್ದ, ನಿದ್ದೆ ಎಷ್ಟಕ್ಕೆ ಹತ್ತಿತು. ತೊಂದರೆಗೆ 0ಯಿಂದ 3ರವರೆಗೆ ಅಂಕ. ಏನೂ ಇಲ್ಲದಿದ್ದರೆ 0. ಇದೆ, ಆದರೆ ಆಟ ನಿಲ್ಲಿಸಲಿಲ್ಲ ಎಂದರೆ 1. ಆಟ ಅಥವಾ ಊಟ ಬಿಟ್ಟರೆ 2. ಮಲಗಿಬಿಟ್ಟರೆ ಅಥವಾ ಶಾಲೆಯಿಂದ ಫೋನ್ ಬಂದರೆ 3. ಎಲ್ಲದರ ಪಕ್ಕದಲ್ಲೂ ಗಂಟೆ ಇರಲೇಬೇಕು. 'ಇವತ್ತು ಸಿಡುಕುತ್ತಿದ್ದ' ಎಂದು ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. '4:20ಕ್ಕೆ ಶುರು, 5:15ಕ್ಕೆ ಸರಿಹೋದ' ಎಂದು ಬರೆದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿರುತ್ತದೆ.

ಯಾಕೆಂದರೆ ಈ ಔಷಧ ಗಡಿಯಾರದ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಸಾದಾ ಮಾತ್ರೆ ಅರ್ಧ ಗಂಟೆಯ ಸುಮಾರಿಗೆ ಹಿಡಿದು ಮೂರು ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ನಿಧಾನವಾಗಿ ಔಷಧ ಬಿಡುವ ಎಸ್‌ಆರ್ ಮಾತ್ರೆ ಆರರಿಂದ ಎಂಟು ಗಂಟೆ, ದಿನಕ್ಕೊಂದೇ ಕೊಡುವ ದೀರ್ಘಾವಧಿಯದು ಹತ್ತು ಹನ್ನೆರಡು ಗಂಟೆ ಇರುತ್ತದೆ. ಔಷಧ ಏರಿರುವ ಹೊತ್ತಿನಲ್ಲೇ ತೊಂದರೆ ಕಂಡರೆ ಡೋಸ್ ಹೆಚ್ಚಾಗಿರಬಹುದು. ಇಳಿಯುವ ಹೊತ್ತಿಗೆ ಕಂಡರೆ ರಿಬೌಂಡ್, ಅಂದರೆ ಔಷಧದ ಹಿಡಿತ ತಪ್ಪುವಾಗ ಲಕ್ಷಣಗಳು ಸ್ವಲ್ಪ ಹೊತ್ತು ಜೋರಾಗಿ ಮರಳುವುದು. ಬೆಳಗ್ಗೆ ಮಾತ್ರೆ ನುಂಗುವ ಮೊದಲೇ ಇದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಡೋಸ್ ಹೆಚ್ಚಾದದ್ದಕ್ಕೂ ರಿಬೌಂಡಿಗೂ ಮಾಡಬೇಕಾದದ್ದು ತದ್ವಿರುದ್ಧ. ರಿಬೌಂಡನ್ನು ಡೋಸ್ ಹೆಚ್ಚಾಗಿದೆ ಎಂದುಕೊಂಡು ಔಷಧವನ್ನೇ ಬಿಡಿಸಿದವರನ್ನು ಕಂಡಿದ್ದೇನೆ. ಆ ಮಕ್ಕಳ ಬಗ್ಗೆ ಈಗಲೂ ಸಂಕಟವಾಗುತ್ತದೆ.

ಮೊದಲ ಮಾತ್ರೆಯನ್ನು ಶನಿವಾರ ಕೊಟ್ಟೆವು, ಎರಡು ದಿನ ಕಣ್ಣೆದುರೇ ಇರಲಿ ಎಂದು. ಡಾಕ್ಟರು ಬರೆದದ್ದು 5 ಮಿ.ಗ್ರಾಂ., ಬೆಳಗ್ಗೆ 7:45ಕ್ಕೆ ಒಂದು, ಮಧ್ಯಾಹ್ನ 12ಕ್ಕೆ ಒಂದು. ಡೋಸ್ ಬದಲಾಯಿಸಿದರೆ ಕನಿಷ್ಠ ಒಂದು ವಾರ ಹಾಗೇ ಬಿಟ್ಟು, ಆ ವಾರ ಬೇರೆ ಏನನ್ನೂ ಬದಲಾಯಿಸಲಿಲ್ಲ. ಹೊಸ ಟ್ಯೂಷನ್ ಇಲ್ಲ, ಮಲಗುವ ಹೊತ್ತು ಅದೇ. ನೆಗಡಿ ಸಿರಪ್ಪನ್ನೂ ಕೇಳದೆ ಕೊಡಲಿಲ್ಲ, ಮೂಗು ಬಿಡಿಸುವ ಫಿನೈಲೆಫ್ರಿನ್ ಕೂಡ ರಕ್ತದೊತ್ತಡ ಏರಿಸುತ್ತದೆ.

10 ಮಿ.ಗ್ರಾಂ.ಗೆ ಏರಿಸಿದ ವಾರ ಮಿಸ್ ಡೈರಿಯಲ್ಲಿ 'ತುಂಬಾ ಸೈಲೆಂಟ್, ವೆರಿ ಗುಡ್' ಎಂದು ಬರೆದು ಕಳಿಸಿದರು. ಇಲ್ಲೇ ಎಚ್ಚರ ತಪ್ಪುವುದು. ಆ ಭಾನುವಾರ ಒಂಬತ್ತೂವರೆಗೆ ಪಕ್ಕದಲ್ಲಿ ಕೂತು ನೋಡಿದಾಗ ಅವನು ಲೆಗೋ ಡಬ್ಬ ತೆರೆದು, ಒಂದೇ ತುಂಡನ್ನು ಹಿಡಿದು ಉಗುರಿನಿಂದ ಕೆರೆಯುತ್ತಾ ಕೂತಿದ್ದ. ತಂಗಿ ನಗಿಸಲು ಬಂದರೂ ನಗಲಿಲ್ಲ. ಹನ್ನೊಂದೂವರೆ ಹೊತ್ತಿಗೆ ಮತ್ತೆ ಮಾತು ಬಂತು. ಗಮನ ಕೂರುವುದು ಬೇರೆ, ಮಗು ಮಂಕಾಗುವುದು ಬೇರೆ. ಹೀಗೆ ಮಂಕಾದರೆ ಸಾಮಾನ್ಯವಾಗಿ ಡೋಸ್ ಜಾಸ್ತಿ ಎಂದೇ ಅರ್ಥ, ಇಳಿಸಿದರೆ ಹೋಗುತ್ತದೆ. ಡಾಕ್ಟರು 7.5ಕ್ಕೆ ಇಳಿಸಿದರು, ಅಂದರೆ 5ರ ಒಂದೂವರೆ ಮಾತ್ರೆ. ಸಾದಾ ಮಾತ್ರೆಯನ್ನು ಅರ್ಧ ಮಾಡಬಹುದು. ದೀರ್ಘಾವಧಿಯ ಮಾತ್ರೆಯನ್ನು ಮುರಿಯುವುದಾಗಲಿ ಅಗಿಯುವುದಾಗಲಿ ಕೂಡದು, ಇಡೀ ದಿನದ ಔಷಧ ಒಮ್ಮೆಗೇ ಹೊರಬೀಳುತ್ತದೆ.

ಸಂಜೆಯ ಸಿಡುಕು ರಿಬೌಂಡೇ ಆಗಿತ್ತು. ಸ್ಕೂಲ್ ವ್ಯಾನಿನಿಂದ ಇಳಿದ ಕೂಡಲೇ ಕೈಗೆ ಬಾಳೆಹಣ್ಣು, ಹಾಲು. ಐದೂವರೆವರೆಗೆ ಹೋಂವರ್ಕ್ ಸುದ್ದಿ ಎತ್ತುವಂತಿಲ್ಲ. ನಮಗೆ ಅಷ್ಟೇ ಸಾಕಾಯಿತು. ಸಾಕಾಗದ ಮಕ್ಕಳಿಗೆ ಸಂಜೆ ಸಣ್ಣದೊಂದು ಡೋಸ್ ಸೇರಿಸುವುದು, ಇಲ್ಲವೇ ದೀರ್ಘಾವಧಿಯದಕ್ಕೆ ಬದಲಾಯಿಸುವುದು ಡಾಕ್ಟರ ಕೈಯಲ್ಲಿದೆ.

ಹಸಿವಿನ ವಿಷಯದಲ್ಲಿ ಮಧ್ಯಾಹ್ನದ ಜೊತೆ ಜಗಳಕ್ಕೆ ನಿಲ್ಲಬಾರದು. ಔಷಧ ಏರಿರುವಾಗ ಹಸಿವೇ ಆಗುವುದಿಲ್ಲ, ಬಲವಂತ ಮಾಡಿದರೆ ಊಟ ಎಂದರೇ ಬೇಜಾರಾಗುತ್ತದೆ. ಆದ್ದರಿಂದ ಊಟದ ಭಾರವನ್ನು ದಿನದ ಎರಡು ತುದಿಗಳಿಗೆ ಹಾಕಿದೆವು. 7:15ಕ್ಕೆ ತುಪ್ಪ ಹಾಕಿದ ಎರಡು ದೋಸೆ, ಒಂದು ಮೊಟ್ಟೆ, ಆಮೇಲೇ ಮಾತ್ರೆ. ಡಬ್ಬಿ ಚಿಕ್ಕದು, ಬೆಲ್ಲ ತುಪ್ಪ ಸವರಿ ಸುತ್ತಿದ ಚಪಾತಿ, ಎರಡು ಕಡಲೆಕಾಯಿ ಚಿಕ್ಕಿ. ಸಂಜೆ ಐದೂವರೆಗೆ ಸರಿಯಾದ ಅನ್ನ ಸಾರಿನ ಊಟ, ರಾತ್ರಿ ಎಂಟಕ್ಕೆ ಇನ್ನೊಂದು ಸಲ. ತೂಕ ನೋಡಿದ್ದು ಹದಿನೈದು ದಿನಕ್ಕೊಮ್ಮೆ, ಅದೇ ತಕ್ಕಡಿ, ಭಾನುವಾರ ಬೆಳಗ್ಗೆ ತಿಂಡಿಗೆ ಮೊದಲು, ಅದೇ ಚಡ್ಡಿ. ಮೊದಲ ತಿಂಗಳು 23.4ಕ್ಕೆ ಇಳಿಯಿತು, ಮೂರನೇ ತಿಂಗಳಿಗೆ 23.9, ಆರನೇ ತಿಂಗಳಿಗೆ 24.8.

ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆದರೆ ಸಾಕು. ಬರಿಗಾಲು, ಹಿಮ್ಮಡಿ ಗೋಡೆಗೆ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಪೆನ್ಸಿಲ್ ಗುರುತು. ಈ ವಯಸ್ಸಿನಲ್ಲಿ ವರ್ಷಕ್ಕೆ 5ರಿಂದ 6 ಸೆಂ.ಮೀ. ಬೆಳೆಯಬೇಕು. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದ ಎಂಟಿಎ ಅಧ್ಯಯನದಲ್ಲಿ, ಹೊಸದಾಗಿ ಔಷಧ ಶುರುಮಾಡಿ ಬಿಡದೆ ತೆಗೆದುಕೊಂಡವರು ಮೂರು ವರ್ಷದ ಕೊನೆಗೆ ತೆಗೆದುಕೊಳ್ಳದವರಿಗಿಂತ ಸುಮಾರು 2 ಸೆಂ.ಮೀ. ಕುಳ್ಳಗೆ, 2.7 ಕೆ.ಜಿ. ಹಗುರ ಇದ್ದರು. ಇದನ್ನು ತಂದೆತಾಯಿಗೆ ಮೊದಲೇ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆ ಹೇಳುವಾಗ ತಕ್ಕಡಿಯ ಇನ್ನೊಂದು ತಟ್ಟೆಯೂ ಎದುರಿಗಿರಬೇಕು. ಔಷಧಕ್ಕೆ ಮೊದಲಿನ ಮೂರು ತಿಂಗಳಲ್ಲಿ ಇವನಿಗೆ ಎರಡು ಸಲ ಹೊಲಿಗೆ ಹಾಕಿಸಿದ್ದೆವು, ಒಂದು ಸಲ ರಸ್ತೆಗೆ ಓಡಿದ್ದಕ್ಕೆ. ಅದೂ ಅಡ್ಡ ಪರಿಣಾಮವೇ, ಔಷಧ ಕೊಡದಿರುವುದರ ಅಡ್ಡ ಪರಿಣಾಮ. ಅದಕ್ಕೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೊದಲೇ ಬರೆದಿಟ್ಟೆವು. ಆಗಬೇಕಾದದ್ದು: ಬೋರ್ಡ್ ಮೇಲಿನದನ್ನು ವಾರದಲ್ಲಿ ಮೂರು ದಿನವಾದರೂ ಪೂರ್ತಿ ಬರೆದುಕೊಳ್ಳಬೇಕು, ಕೈ ಬಿಡಿಸಿಕೊಂಡು ರಸ್ತೆಗೆ ಓಡಬಾರದು, ಒಬ್ಬ ಗೆಳೆಯನಾದರೂ ಮನೆಗೆ ಬರಬೇಕು. ದಾಟಬಾರದ ಗೆರೆ: ತಿಂಗಳಲ್ಲಿ ಒಂದು ಕೆ.ಜಿ.ಗಿಂತ ಹೆಚ್ಚು ಇಳಿಯುವುದು, ವಾರದಲ್ಲಿ ನಾಲ್ಕಕ್ಕಿಂತ ಹೆಚ್ಚು ರಾತ್ರಿ ಹತ್ತೂವರೆ ದಾಟುವುದು, ಮೂರು ದಿನ ಮಂಕು. ಇವು ನಮ್ಮ ಮಗನಿಗೆ ಡಾಕ್ಟರ ಜೊತೆ ಕೂತು ಹಾಕಿಕೊಂಡ ಗೆರೆಗಳು, ನಿಮ್ಮ ಮಗುವಿನದು ಬೇರೆ ಇರಬಹುದು. ಗಾಬರಿಯಾದ ದಿನ ಕೂತು ಗೆರೆ ಎಳೆದರೆ ಅದು ಗಾಬರಿಯ ಗೆರೆಯೇ ಆಗಿರುತ್ತದೆ.

ಮಿಸ್‌ಗೆ ವ್ಯಾಂಡರ್‌ಬಿಲ್ಟ್ ಫಾರ್ಮ್, ಅಂದರೆ ಎಡಿಎಚ್‌ಡಿ ಲಕ್ಷಣಗಳಿಗೆ ಅಂಕ ಕೊಡುವ ಪ್ರಶ್ನೆಗಳ ಹಾಳೆ, ಪ್ರತಿ ಶುಕ್ರವಾರ. ಡೋಸ್ ಬದಲಾದದ್ದನ್ನು ಆ ವಾರ ಹೇಳುತ್ತಿರಲಿಲ್ಲ, ಫಾರ್ಮ್ ಕೈಗೆ ಬಂದ ಮೇಲೆ ಹೇಳುತ್ತಿದ್ದೆವು. ಮಗುವನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಈ ಮಾತ್ರೆಯಿಂದ ನಾಲ್ಕೈದು ಬಡಿತ ಏರುವುದು ಸಾಮಾನ್ಯ. ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ ಮಕ್ಕಳದೇ ಬೇಕು, ದೊಡ್ಡವರ ಪಟ್ಟಿ ಕಟ್ಟಿದರೆ ಕಡಿಮೆ ತೋರಿಸುತ್ತದೆ. ಮನೆತನದಲ್ಲಿ ಸಣ್ಣ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರಿದ್ದರೆ, ಮಗು ಓಡುವಾಗ ಎಂದಾದರೂ ಪ್ರಜ್ಞೆ ತಪ್ಪಿದ್ದರೆ, ಮೊದಲ ಮಾತ್ರೆಗೆ ಮುಂಚೆಯೇ ಹೇಳಿ, ಇಸಿಜಿ ಬೇಕಾಗಬಹುದು.

ಎಡಿಎಚ್‌ಡಿಗೇ ಕೊಡುವ ಇನ್ನೊಂದು ಔಷಧ ಅಟೊಮಾಕ್ಸೆಟಿನ್ ಕೊಟ್ಟಿದ್ದರೆ ಈ ಗಂಟೆಯ ಲೆಕ್ಕ ನಡೆಯುವುದಿಲ್ಲ. ಅದು ದಿನಪೂರ್ತಿ ಇರುತ್ತದೆ, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ತೂಕಡಿಕೆ ಮೊದಲ ವಾರವೇ ಬರುತ್ತವೆ. ಊಟದ ಜೊತೆ ಕೊಟ್ಟರೆ ಹೊಟ್ಟೆಗೆ ಹಿತ. ಕ್ಯಾಪ್ಸೂಲ್ ಬಿಚ್ಚಬಾರದು, ಪುಡಿ ಕಣ್ಣಿಗೆ ಉರಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಸಾಯುವ ಮಾತಾಡಿದರೆ ಅದೇ ದಿನ ಡಾಕ್ಟರ ಬಳಿಗೆ. ಎಡಿಎಚ್‌ಡಿಗೆ ಕೊಡುವ ಮತ್ತೊಂದು ಔಷಧ ಕ್ಲೋನಿಡಿನನ್ನು ಒಮ್ಮೆಲೇ ನಿಲ್ಲಿಸಬಾರದು, ಬಿಪಿ ಜಿಗಿಯುತ್ತದೆ. ಯಾವ ಔಷಧವೇ ಇರಲಿ, ಎದೆನೋವು, ಪ್ರಜ್ಞೆ ತಪ್ಪುವುದು, ಇಲ್ಲದ್ದು ಕಾಣುವುದು ಕೇಳುವುದು ಶುರುವಾದರೆ ನೋಟ್‌ಬುಕ್ ಬದಿಗಿಟ್ಟು ಆಸ್ಪತ್ರೆಗೆ ಹೊರಡಿ.

ಮಿಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಕಾನೂನಿನ ಬಿಗಿ ನಿಯಂತ್ರಣದಲ್ಲಿ ಮಾರುವಂಥದ್ದು. ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳುತ್ತಾರೆ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಚೀಟಿ ಬರೆಸಿಕೊಳ್ಳಿ.

ವರ್ಷಕ್ಕೊಮ್ಮೆ ಡಾಕ್ಟರನ್ನು ಕೇಳಿ ಒಂದು ವಾರ ನಿಲ್ಲಿಸಿ ನೋಡುತ್ತೇವೆ. ಬೇಸಿಗೆ ರಜೆಯಲ್ಲಿ ಅಲ್ಲ, ಆಗ ಬೋರ್ಡೂ ಇಲ್ಲ, ಡಬ್ಬಿಯೂ ಇಲ್ಲ, ಹೋಲಿಸಲು ಏನೂ ಸಿಗುವುದಿಲ್ಲ. ಪರೀಕ್ಷೆ ಹತ್ತಿರವಿಲ್ಲದ, ಶಾಲೆ ನಡೆಯುತ್ತಿರುವ ವಾರ ಬೇಕು. ನಾವು ದಸರಾ ರಜೆ ಮುಗಿದು ಎರಡನೇ ವಾರ ಇಟ್ಟುಕೊಂಡಿದ್ದೇವೆ. ಅದೇ ಕಾಲಂ, ಅದೇ ಅಂಕ, ಶುಕ್ರವಾರ ಅದೇ ಫಾರ್ಮ್.